ಬೆರಳು ಇಳಿಯುವವರೆಗೆ

ಹಿಟ್ಸ್ ರೆಕಾರ್ಡಿಗೆ ಹಳೆಯ ಹಾಡುಗಳನ್ನು ಆರಿಸುವುದೇನು ಮಹಾ ಕೆಲಸ ಎಂದು ಬ್ಯಾಂಡಿನವರು ಅಂದುಕೊಂಡಿದ್ದರು. ಬಹುಪಾಲು ಸಲೀಸಾಗಿಯೇ ಆಯಿತು. ಕೊನೆಯದಾಗಿ ಡೆಲ್ಬರ್ಟ್ ‘ಬಾಗಿಲು ತೆರೆದಿದೆ’ ಹಾಡಿನ ಹೆಸರು ಹೇಳಿ, “ಬೇಕು ಅನ್ನೋರು ಕೈ ಎತ್ತಿ” ಎಂದಾಗ ಎಲ್ಲರ ಕೈಯೂ ಮೇಲೆ ಹೋಯಿತು, ಲೂಷಸ್‌ನದೊಂದು ಬಿಟ್ಟು.

“ಅದು ಬೇಡ,” ಎಂದ ಲೂಷಸ್, ಬೇಸ್ ಗಿಟಾರಿನ ತಂತಿ ಒರೆಸುತ್ತಾ. “ಅದು ಹಿಟ್ ಅಲ್ಲ.”

ಅರ್ನೆಟಾ ತಟ್ಟನೆ ಅವನತ್ತ ತಿರುಗಿದಳು. ಆ ಹಾಡು ಬರೆದವನೇ ಅವನು. ಅವಳ ತಾಯಿಯ ಮನೆಯ ಮೆಟ್ಟಿಲ ಮೇಲೆ ಕೂತು, ಒಂದೊಂದು ಸಾಲು ಗುನುಗಿ, ಅವಳ ಮುಖ ನೋಡಿ ತಿದ್ದಿ ತಿದ್ದಿ ಬರೆದದ್ದು. ಈಗ ಊರು ಬಿಡುವ ಮೊದಲು ಅದನ್ನೂ ಒರೆಸಿಹಾಕಿ ಹೋಗುತ್ತಾನಂತೆ. ಹೋಗಲಿ, ಮಹಾರಾಜ!

“ಬೇಡ ಅಂದ್ರೆ ಬಿಡಿ,” ಎಂದಳು. “ನನಗೇನೂ ಅದರ ಮೇಲೆ ಆಸೆಯಿಲ್ಲ.”

ಸುಳ್ಳು. ಆಸೆ ಗಂಟಲವರೆಗೂ ಇತ್ತು.

ಅಮೆರಿಕದ ಡೇಟನ್ ಪಟ್ಟಣದ ಪಶ್ಚಿಮ ಭಾಗದಲ್ಲಿ ‘ವುಲ್ಫ್ ಕ್ರೀಕ್ ಎಕ್ಸ್‌ಪ್ರೆಸ್’ ಎಂಬ ಈ ಬ್ಯಾಂಡಿನ ಹೆಸರು ಕೇಳದ ಮನೆಯಿರಲಿಲ್ಲ. ಮೈ ಕುಣಿಸುವ ಫಂಕ್ ಸಂಗೀತ ಎಂದರೆ ಆ ಊರಿನವರಿಗೆ ಉಪ್ಪು ಇದ್ದ ಹಾಗೆ. ಡೆಲ್ಬರ್ಟ್ ಟ್ರಂಪೆಟ್ ಊದುವವನು, ಬ್ಯಾಂಡಿನ ಯಜಮಾನ, ಅರ್ನೆಟಾಳ ಅಣ್ಣ. ಅವಳು ಹಾಡುವವಳು. ರೆಕಾರ್ಡ್ ಕಂಪನಿಯವರು ಗೆದ್ದ ಹಾಡುಗಳನ್ನೆಲ್ಲ ಸೇರಿಸಿ ಗ್ರೇಟೆಸ್ಟ್ ಹಿಟ್ಸ್ ತರೋಣ ಎಂದು ಫೋನ್ ಮಾಡಿದಾಗ ಡೆಲ್ಬರ್ಟ್ ಕುಣಿಯಲಿಲ್ಲ. ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು, ಹಿಟ್ಸ್ ಒಟ್ಟುಮಾಡಿದರು ಎಂದರೆ ಹಾರ ಹಾಕಿ ಕಳಿಸುತ್ತಿದ್ದಾರೆ ಎಂದೇ ಅರ್ಥ. ಹಳೆಯ ರೆಕಾರ್ಡುಗಳೆಲ್ಲ ಮನೆಯಲ್ಲಿರುವವರೂ ಇದನ್ನು ಕೊಳ್ಳಲಿ ಎಂದು ಹೊಸದೊಂದು ಹಾಡು ಸೇರಿಸಿ ಎಂದಿದ್ದರು. ಅದಕ್ಕಾಗಿಯೇ ಇವತ್ತು ಸ್ಟುಡಿಯೋ.

ಅದಾದ ಮೇಲೆ ಬ್ಯಾಂಡ್ ಯಾರದೋ, ಬಾಳು ಯಾರದೋ. ಲೂಷಸ್ ಸೋಮವಾರ ಲಾಸ್ ಏಂಜಲೀಸ್‌ಗೆ ಹೊರಡುವವನಿದ್ದ.

ಅಲ್ಲಿಂದ ಅವನಿಗೆ ಕರೆ ಬಂದದ್ದು ವಸಂತದಲ್ಲಿ. ಮೀನಿನಂಗಡಿಯ ಮುಂದೆ ನಿಂತು, ಬಿಳಿ ಬ್ರೆಡ್ಡಿನ ನಡುವೆ ಕರಿದ ಮೀನಿಟ್ಟು ಖಾರದ ಸಾಸ್ ಸುರಿಯುತ್ತಾ ಹೇಳಿದ್ದ. “ಅಲ್ಲಿ ದಿನಾ ಕೆಲಸ ಇರುತ್ತಂತೆ. ಏನ್ ಮಾಡ್ಲಿ?”

“ಹೋಗು,” ಎಂದಿದ್ದಳು ಅರ್ನೆಟಾ. “ನಿನ್ನ ಕಾಲು ಯಾರು ಕಟ್ಟಿದಾರೆ?”

ಅವಳ ಲೆಕ್ಕದಲ್ಲಿ ಅದರರ್ಥ ‘ನೀನೂ ಬರ್ತೀಯಾ ಅಂತ ಕೇಳೋ ದಡ್ಡ’ ಎಂದು. ಅವನು ನೇರ ಮನುಷ್ಯ, ‘ಹೋಗು’ ಎಂದದ್ದನ್ನು ‘ಹೋಗು’ ಎಂದೇ ತಿಳಿದ. ಅಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ.

ಮುಖ ನೋಡದಿದ್ದರೆ ಪ್ರೀತಿ ಹೇಗೋ ನಡೆದೀತು, ಫಂಕ್ ನಡೆಯುವುದಿಲ್ಲ. ತಾಳದ ಮೊದಲ ಪೆಟ್ಟಿಗೆ ಇವರು ‘ಒಂದು’ ಎನ್ನುತ್ತಾರೆ. ಉಳಿದ ಪೆಟ್ಟುಗಳಲ್ಲಿ ಯಾರು ಎಲ್ಲಿ ಬೇಕಾದರೂ ಅಲೆಯಲಿ, ‘ಒಂದ’ಕ್ಕೆ ಎಲ್ಲರೂ ಒಟ್ಟಿಗೆ ಮನೆ ಸೇರಬೇಕು. ಅರ್ನೆಟಾ ಹಾಡಿನ ನಡುವೆ ತೋರುಬೆರಳೆತ್ತಿದರೆ ಇಡೀ ಬ್ಯಾಂಡ್ ಗಪ್‌ಚುಪ್. ಬೆರಳು ಇಳಿದ ಕ್ಷಣ ‘ಒಂದು’. ನಡುವೆ ಅವಳು ಜನರನ್ನು ಕೆಣಕುತ್ತಾಳೆ, ಕಾಯಿಸುತ್ತಾಳೆ, ಬೆವರಿಳಿಸುತ್ತಾಳೆ. ಬೆರಳು ಮೇಲಿರುವಾಗ ಯಾರಾದರೂ ಒಂದು ಸದ್ದು ಮಾಡಿದರೆ ಡೆಲ್ಬರ್ಟ್ ವಾರವಿಡೀ ಜೀವ ತೆಗೆಯುತ್ತಾನೆ.

ಇವತ್ತು ಪ್ರತಿಸಲವೂ ಎಡವಟ್ಟು. ಅವಳು ಬೆರಳಿಳಿಸುತ್ತಾಳೆ, ಡ್ರಮ್ಮಿನ ಪೆಟ್ಟು ಬೀಳುತ್ತದೆ, ಲೂಷಸ್‌ನ ಬೇಸ್ ಒಂದು ಕೂದಲೆಳೆ ತಡ. ಅವನು ನೆಲ ನೋಡುತ್ತಾ ನುಡಿಸುತ್ತಿದ್ದ.

“ಏನೋ ಇದು? ನೆಲದ ಮೇಲೆ ಬೆರಳು ಮೊಳೀತಾ?” ಎಂದು ಡೆಲ್ಬರ್ಟ್ ಗುಡುಗಿದ. “ನನ್ನ ತಂಗಿ ಮುಖ ನೋಡೋಕೆ ನಿನಗೆ ಏನು ರೋಗ?”

“ಬಿಸಿಲಲ್ಲಿ ನಿಂತು ಸೂರ್ಯನ್ನ ನೋಡು ಅಂದ್ರೆ ಹೇಗೆ ನೋಡ್ಲಿ?” ಎಂದು ಲೂಷಸ್ ಗೊಣಗಿದ.

ಡ್ರಮ್ಮಿನ ಪರ್ನೆಲ್ ಕಿಸಕ್ಕೆಂದ. ಅರ್ನೆಟಾಳ ಕಿವಿ ಬಿಸಿಯಾಯಿತು. ಇದು ಹೊಗಳಿಕೆಯೋ, ಬೈಗುಳವೋ? ಅವಳು ಕೂತಳು, ಎದ್ದಳು, ನೀರು ಕುಡಿದಳು, ಉಂಗುರ ತೆಗೆದಳು, ಮತ್ತೆ ಹಾಕಿಕೊಂಡಳು. ಕೊನೆಗೆ ತಡೆಯಲಾರದೆ ಅವನ ಬಳಿ ಹೋಗಿ ನಿಂತಳು.

“ಆ ಹಾಡು ಯಾಕೆ ಬೇಡ ಅಂದೆ?”

“ಹಿಟ್ ಅಲ್ಲ ಅಂದ್ನಲ್ಲ.”

“ಊರಲ್ಲಿ ಕಾಸು ಹಾಕಿ ಹಾಡು ಕೇಳೋ ಜ್ಯೂಕ್‌ಬಾಕ್ಸೆಲ್ಲ ಸವೆಯೋ ಹಾಗೆ ಅದನ್ನೇ ಹಾಡಿದ್ವು. ಸುಳ್ಳು ಬೊಗಳಬೇಡ.”

ಲೂಷಸ್ ತಲೆಯೆತ್ತಿದ. ಎಷ್ಟೋ ದಿನಗಳ ಮೇಲೆ ಆ ಕಂದು ಕಣ್ಣುಗಳು ಅವಳ ಮೇಲೆ ನಿಂತವು. ಎಡಗಣ್ಣಿನ ರೆಪ್ಪೆ ಎಂದಿನಂತೆ ಸ್ವಲ್ಪ ಸೋಮಾರಿಯಾಗಿ ಏಳುತ್ತಿತ್ತು. ಆ ಸೋಮಾರಿತನಕ್ಕೇ ಅವಳು ಮೊದಲು ಸೋತದ್ದು.

“ನಿನಗೆ ಅಂತ ಬರೆದಿದ್ದು ಕಣೇ ಅದು,” ಎಂದ ಮೆಲ್ಲಗೆ. “ಒಂದು ಸಲ ಸಂತೆಗೆ ಇಟ್ಟಿದ್ದೇ ತಪ್ಪಾಯ್ತು. ಮತ್ತೆ ಇಡೋಕೆ ಮನಸ್ಸಿಲ್ಲ. ಅಷ್ಟೇ.”

ಸಾವಿರ ಜನರನ್ನು ಒಂದು ಬೆರಳಲ್ಲಿ ನಿಲ್ಲಿಸುವವಳು ಇವನೊಬ್ಬನ ಮುಂದೆ ನಾಲಿಗೆ ಕಳೆದುಕೊಂಡು ನಿಂತಳು. ಹೋಗಬೇಡ ಎನ್ನಬೇಕು. ಆದರೆ ಬೇಡಿ ಗೊತ್ತಿಲ್ಲ ಅವಳಿಗೆ. ಅವಳ ಅಮ್ಮನೂ ಯಾರನ್ನೂ ಬೇಡಿದವಳಲ್ಲ. ಆ ಹೆಮ್ಮೆಯನ್ನು ಮುರಿಯದಿದ್ದರೆ ಈ ಮನುಷ್ಯ ಹೋಗಿಯೇಬಿಡುತ್ತಾನೆ.

“ಟೇಪ್ ತಿರುಗ್ತಿದೆ!” ಎಂದು ಗಾಜಿನಾಚೆಯಿಂದ ಯಾರೋ ಕೂಗಿದರು.

ಹಾಡು ಶುರುವಾಯಿತು. ಈ ಸಲ ಚೆನ್ನಾಗಿ ಬಂತು. ಅವನು ನೋಡುತ್ತಿದ್ದ, ಅವಳೂ ನೋಡುತ್ತಿದ್ದಳು, ಬೇಸ್ ಅವಳ ಅಂಗಾಲಿನಿಂದ ಸೊಂಟಕ್ಕೆ ಏರುತ್ತಿತ್ತು. ನಿಲ್ಲಿಸುವ ಜಾಗ ಬಂತು. ಅರ್ನೆಟಾ ಬೆರಳೆತ್ತಿದಳು. ಎಲ್ಲವೂ ನಿಂತಿತು.

ಇಲ್ಲಿ ಅವಳು ಜನರನ್ನು ಕೆಣಕುವ ಎರಡು ಮಾತು ಆಡಬೇಕಿತ್ತು. ಆಡಲಿಲ್ಲ. ಬೆರಳು ಮೇಲೆಯೇ ಇತ್ತು. ಪರ್ನೆಲ್ ಕಡ್ಡಿಗಳನ್ನು ಗಾಳಿಯಲ್ಲಿ ಹಿಡಿದು ಕಾದ. ಡೆಲ್ಬರ್ಟ್ ಟ್ರಂಪೆಟ್ ತುಟಿಗಿಟ್ಟು ಕಣ್ಣರಳಿಸಿದ.

“ಲೂಷಸ್,” ಎಂದಳು ಮೈಕಿನಲ್ಲೇ. ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು. “ಅವತ್ತು ಹೋಗು ಅಂದಿದ್ದು ಸುಳ್ಳು. ಹೋಗಬೇಡ. ಹೋಗಲೇಬೇಕು ಅಂದ್ರೆ ನನ್ನ ಬಿಟ್ಟು ಹೋಗಬೇಡ. ನಿನ್ನ ಕಂಡ್ರೆ ನನಗೆ ಪ್ರಾಣ ಕಣೋ. ಬೇಡ್ಕೊಳ್ತಾ ಇದೀನಿ, ಸಾಕಾ?”

ಯಾರೂ ಉಸಿರಾಡಲಿಲ್ಲ. ಉಸಿರಾಡುವ ಹಾಗೂ ಇರಲಿಲ್ಲ, ಬೆರಳು ಮೇಲಿತ್ತಲ್ಲ.

ಲೂಷಸ್ ಕುತ್ತಿಗೆಯಿಂದ ಪಟ್ಟಿ ತೆಗೆದು, ಗಿಟಾರನ್ನು ಸದ್ದಾಗದಂತೆ ಕುರ್ಚಿಗೆ ಒರಗಿಸಿದ. ವೈರುಗಳನ್ನು ದಾಟಿ ಬೆಕ್ಕಿನಂತೆ ಹೆಜ್ಜೆಯಿಡುತ್ತಾ ಬಂದ. ಅವಳ ತೋಳು ನೋಯುತ್ತಿತ್ತು, ಆದರೂ ಇಳಿಸಲಿಲ್ಲ. ಇಳಿಸಿದರೆ ಉತ್ತರ ಸಿಗುವ ಮೊದಲೇ ಹಾಡು ಶುರುವಾಗಿಬಿಡುತ್ತದೆ ಎಂಬ ಭಯ.

“ಇದನ್ನ ನಿನ್ನ ಬಾಯಿಂದ ಕೇಳೋಕೆ ಸೋಮವಾರದವರೆಗೂ ಕಾಯೋಣ ಅಂತಿದ್ದೆ,” ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದ. “ಅಷ್ಟರಲ್ಲಿ ನೀನು ಹೇಳ್ದೆ ಇದ್ದಿದ್ರೆ ಬಸ್ ನಿಲ್ದಾಣದಲ್ಲಿ ಕೂತು ಅತ್ತುಬಿಡ್ತಿದ್ದೆ. ನನ್ನ ಮದುವೆ ಆಗು. ಊರು ಯಾವುದಾದ್ರೂ ಆಗ್ಲಿ, ನೀನು ಹೇಳಿದ್ದು.”

“ಹೂಂ,” ಎಂದಳು ಅರ್ನೆಟಾ. ಹಾಡುಗಾರ್ತಿಯ ಬಾಯಿಂದ ಅಷ್ಟೇ ಬಂದದ್ದು.

ಅವಳು ಮೇಲೆತ್ತಿದ್ದ ಆ ಕೈಯನ್ನು ಅವನು ಹಿಡಿದು, ತನ್ನ ಕೆನ್ನೆಗೆ ಒತ್ತಿಕೊಳ್ಳಲೆಂದು ಕೆಳಗೆ ಎಳೆದ.

ಬೆರಳು ಇಳಿಯಿತು.

ಇಷ್ಟು ವರ್ಷಗಳ ಅಭ್ಯಾಸ ಎಲ್ಲಿ ಹೋದೀತು? ಪರ್ನೆಲ್‌ನ ಕಡ್ಡಿಗಳು ಬಿದ್ದವು, ಟ್ರಂಪೆಟ್ ಕಿರುಚಿತು, ಆರ್ಗನ್ ಮೊಳಗಿತು, ಕೋಣೆಯ ಗೋಡೆಗಳೆಲ್ಲ ಅದುರುವ ಹಾಗೆ ‘ಒಂದು’ ಬಂತು. ಬೇಸ್ ಇಲ್ಲದ ‘ಒಂದು’. ಆ ಗದ್ದಲದ ನಟ್ಟನಡುವೆ ಅವರಿಬ್ಬರೂ ಮುತ್ತಿಡುತ್ತಾ ನಿಂತಿದ್ದರು.

“ಬೇಸ್ ಎಲ್ಲೋ?” ಎಂದು ಡೆಲ್ಬರ್ಟ್ ಟ್ರಂಪೆಟ್ ತೆಗೆದು ಅರಚಿದ. “ಲೂಷಸ್! ಟೇಪ್ ಓಡ್ತಿದೆ ಕಣೋ! ಬೇಸ್ ಎಲ್ಲಿ?”

ಬೇಸ್ ನುಡಿಸುವವನಿಗೆ ಪುರುಸೊತ್ತಿರಲಿಲ್ಲ.