ಪ್ರವಾಹ ಮಂಡಳಿಗೊಂದು ಮುಖ

ಬೆಳಿಗ್ಗೆ ಎಂಟಕ್ಕೆ ನಾಯಕರ ಕಚೇರಿಯಲ್ಲಿ ಆಪ್ತ ಕಾರ್ಯದರ್ಶಿ ಬೀರು ತೆರೆದಾಗ ಮೆಮೊರಿ ಕಾರ್ಡು ಒಂದೇ ಇತ್ತು. ಹಿಂದಿನ ಸಂಜೆ ಎರಡಿದ್ದವು. ಬೀಗ ಮುರಿದಿರಲಿಲ್ಲ. ಕೀಲಿ ಎಂದಿನಂತೆ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು; ಒಳಗಿನವರು ಯಾರಾದರೂ ತೆಗೆಯಬಹುದಿತ್ತು.

ನಿವೃತ್ತಿಯ ಅಂಚಿನಲ್ಲಿದ್ದ ಇನ್‌ಸ್ಪೆಕ್ಟರ್ ಬಂದು ಕುರ್ಚಿ ಎಳೆದುಕೊಂಡರು.

"ಏನಿತ್ತು ಅದರಲ್ಲಿ?"

"ಸಂದರ್ಶನ ಸಾರ್. ಪ್ರವಾಹ ನಿಯಂತ್ರಣ ಮಂಡಳಿಗೆ ಅಧ್ಯಕ್ಷರು ಬೇಕು. ಇಬ್ಬರನ್ನ ಇಲ್ಲೇ ಕೂರಿಸಿ ಚಿತ್ರೀಕರಿಸಿದ್ವಿ. ಹತ್ತಕ್ಕೆ ನಾಯಕರು ನೋಡಿ ಆರಿಸ್ತಾರೆ."

"ಕೇಳಿ ಆರಿಸ್ತಾರೆ ಅನ್ನಿ."

"ಇಲ್ಲ, ಸೌಂಡ್ ಆಫ್ ಮಾಡಿಯೇ ನೋಡೋದು. ಜನ ಮಾತು ಮರೀತಾರೆ, ಮುಖ ಮರೆಯಲ್ಲ ಅಂತಾರೆ."

"ನನ್ನ ಹೆಂಡತಿ ಟೀವಿಯಲ್ಲಿ ಅಡುಗೆ ಹೀಗೇ ನೋಡ್ತಾಳೆ. ಉಣ್ಣೋನು ನಾನು."

ಕಾಣೆಯಾದದ್ದು ನಲವತ್ತು ವರ್ಷ ನದಿ ಕಾಯ್ದ ಮುದಿ ಎಂಜಿನಿಯರರ ಕಾರ್ಡು. ಉಳಿದದ್ದು ಟೀವಿ ನಿರೂಪಕನದು. ಅಗಲ ಭುಜ, ಹದವಾಗಿ ನರೆತ ಕೆನ್ನೆಗೂದಲು. ಮರೆತ ಕನ್ನಡಕಕ್ಕೆಂದು ಆತ ಸಂಜೆ ಮತ್ತೆ ಬಂದಿದ್ದನೆಂದು ಕಾವಲುಗಾರ ಹೇಳಿದ.

"ನಾನ್ಯಾಕೆ ಕದೀಲಿ?" ನಿರೂಪಕ ನಕ್ಕ. "ಅವರನ್ನ ನನ್ನ ಪಕ್ಕ ಇಟ್ಟು ನೋಡಿದ್ರೆ ಲಾಭ ನನಗೇ."

ಮಾತಿನಲ್ಲಿ ಜಂಬವಿತ್ತು. ಸುಳ್ಳಿರಲಿಲ್ಲ.

* * *

ಕನ್ನಡಿಯ ಸುತ್ತ ಬಲ್ಬುಗಳು ಉರಿಯುವ ಮೇಕಪ್ ಕೋಣೆಯಲ್ಲಿ ಎಂಜಿನಿಯರ್ ಕುಳಿತಿದ್ದರು. ಕೈಗಳು ತೊಡೆಯ ಮೇಲೆ ನಡುಗುತ್ತಿದ್ದವು. ದನಿ ಮಾತ್ರ ತಿಳಿನೀರು.

"ಸಂದರ್ಶನದಲ್ಲಿ ಏನು ಹೇಳಿದಿರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಅಣೆಕಟ್ಟು ತುಂಬಿದಾಗ ಎರಡನೇ ಗೇಟು ಮೊದಲು ತೆರೀಬಾರದು. ತೆರೆದರೆ ಕೆಳಗಿನ ಮೂರು ಊರು ಕೊಚ್ಚಿ ಹೋಗ್ತವೆ. ಕಳೆದ ಸಲ ನಾನಿದ್ದೆ, ಅನಾಹುತ ತಪ್ಪಿತು."

ಮೇಕಪ್ ಮಾಡುವ ಹೆಂಗಸು ನೀರು ತಂದಳು. ಇನ್‌ಸ್ಪೆಕ್ಟರರ ಲೋಟ ಕಂಠಪೂರ್ತಿ. ಎಂಜಿನಿಯರರದನ್ನು, ಬಾಗಿಲ ಕಡೆ ನೋಡುತ್ತಲೇ, ಅರ್ಧಕ್ಕೆ ನಿಲ್ಲಿಸಿದಳು.

"ಇವರು ನಿನಗೆ ಮೊದಲೇ ಪರಿಚಯವೇನಮ್ಮ?"

"ಇಲ್ಲ ಸಾರ್. ನಿನ್ನೆ ನೋಡಿದ್ದೇ ಮೊದಲು."

ಕಾರ್ಯದರ್ಶಿ ಇಣುಕಿದ. "ತಲೆ ಕೆಡಿಸ್ಕೋಬೇಡಿ ಸಾರ್. ಇದ್ದ ಕಾರ್ಡನ್ನೇ ನೋಡಿ ನಾಯಕರು ನಿರೂಪಕರನ್ನ ಒಪ್ಪಿದ್ರು. ಕೇಸು ಬೇಡ."

ಹೆಂಗಸಿನ ಕೈಯಿಂದ ಬ್ರಶ್ಶು ಜಾರಿತು.

* * *

ಇನ್‌ಸ್ಪೆಕ್ಟರ್ ಬಾಗಿಲು ಮುಚ್ಚಿದರು.

"ಗೆಲ್ಲೋ ಕಾರ್ಡು ಹೋಗಿದ್ರೆ ಎದುರಾಳಿಯನ್ನ ಹಿಡೀತಿದ್ದೆ. ಹೋದದ್ದು ಸೋಲೋ ಕಾರ್ಡು. ಸದ್ದಿಲ್ಲದೆ ನೋಡಿದ್ರೆ ಅದರಲ್ಲಿ ಕಾಣೋದು ನಡುಗೋ ಕೈ ಮಾತ್ರ. ಅದನ್ನ ಮುಚ್ಚಿಡೋಣ ಅನ್ನಿಸೋದು ಪ್ರೀತಿ ಇದ್ದೋರಿಗೆ. ಆ ಕೈಯಿಂದ ನೀರು ಚೆಲ್ಲದ ಹಾಗೆ, ಲೋಟ ನೋಡದೆ ಅರ್ಧಕ್ಕೆ ನಿಲ್ಲಿಸೋಕೆ ವರ್ಷಗಳ ರೂಢಿ ಬೇಕಮ್ಮ, ಒಂದು ದಿನದ್ದಲ್ಲ."

ಅವಳು ಪೌಡರ್ ಡಬ್ಬಿಯ ತಳದಿಂದ ಕಾರ್ಡು ತೆಗೆದಿಟ್ಟಳು.

"ನನ್ನ ಸೋದರಮಾವ ಸಾರ್. ಸಾಕಿದವರು. ಕಾರ್ಡು ಇಲ್ದಿದ್ರೆ ಎದುರಿಗೇ ಕರೆಸ್ತಾರೆ, ಮಾತು ಕೇಳಲೇಬೇಕಾಗುತ್ತೆ ಅಂದ್ಕೊಂಡೆ. ಇರೋದನ್ನೇ ನೋಡಿ ಮುಗಿಸ್ತಾರೆ ಅಂತ ಹೊಳೀಲೇ ಇಲ್ಲ."

ಎಂಜಿನಿಯರ್ ಕುರ್ಚಿಯನ್ನು ಅವಳತ್ತ ತಿರುಗಿಸಿದರು.

"ಹುಚ್ಚಿ. ಕಾರ್ಡು ಇದ್ದಿದ್ರೂ ಸೋಲ್ತಿದ್ದೆ. ಆದ್ರೆ ಆ ಸೋಲು ನನ್ನೊಬ್ಬನದಾಗಿರ್ತಿತ್ತು, ಈಗ ನೀನೂ ಸಿಕ್ಕಿಕೊಂಡೆ." ಆಮೇಲೆ ಮೆಲ್ಲಗೆ, "ಅಳಬೇಡ ಮಗಳೇ. ಕಾಗದ ತಗೋ. ಗೇಟುಗಳ ಕ್ರಮ ಹೇಳ್ತೀನಿ, ಬರಿ" ಎಂದರು.

* * *

ಅಂಗಳದಲ್ಲಿ ಬಿರುಬಿಸಿಲು. ಹೊಸ ಅಧ್ಯಕ್ಷನಾದ ನಿರೂಪಕ ರೇನ್‌ಕೋಟು ತೊಟ್ಟು ಮರಳಿನ ಚೀಲಗಳ ಮೇಲೆ ನಿಂತಿದ್ದ. ಕ್ಯಾಮೆರಾಗಳು ಅವನತ್ತ ಬಾಗಿದ್ದವು.

"ಆ ಗೇಟುಗಳ ಕಾಗದ ನನ್ನ ಮೇಜಿನ ಮೇಲಿಡಿ ಸಾರ್," ಎಂದ ಕಾರ್ಯದರ್ಶಿ. "ಅಧ್ಯಕ್ಷರು ಬಿಡುವಾದಾಗ ನೋಡ್ತಾರೆ."

"ಮಳೆಗಾಲಕ್ಕೆ ಇಪ್ಪತ್ತೇ ದಿನ ಉಳಿದಿದೆ. ಅವರ ಕೈಗೇ ಕೊಟ್ಟು, ಓದಿಸಿ ಹೋಗ್ತೀನಿ."

ಇನ್‌ಸ್ಪೆಕ್ಟರ್ ಕಾಗದ ಹಿಡಿದು ಮೆಟ್ಟಿಲ ಮೇಲೆ ಕುಳಿತರು. ಅಧ್ಯಕ್ಷ ಗದ್ದವನ್ನು ಇನ್ನಷ್ಟು ಮೇಲೆತ್ತಿದ.