ನಾಲ್ಕನೆಯ ಮುತ್ತಿಗಿಂತ ಮೊದಲೇ

ಬಿದ್ದರೂ ಚಿಂತೆಯಿಲ್ಲ, ಯಾರೂ ನೋಡದಿದ್ದರೆ ಸಾಕು...

ಕಾನ್‌ಸ್ಟಂಟೀನ್ ನಗರದ ಕಾಲುಸೇತುವೆಯ ನಟ್ಟನಡುವೆ ಕಂಬಿ ಹಿಡಿದು ನಿಂತ ವಿದಾದ್ ತನ್ನೊಳಗೇ ಹೇಳಿಕೊಂಡಳು. ಕಮರಿಯ ಮೇಲೆ ಹಾರುವ ಹಕ್ಕಿಗಳನ್ನು ನೋಡಲು ಕತ್ತೆತ್ತಿದ್ದಷ್ಟೇ ಅವಳ ತಪ್ಪು. ಆಕಾಶ, ಬಂಡೆ, ಎದುರು ದಂಡೆಯ ಮನೆಗಳು, ಎಲ್ಲವೂ ಒಟ್ಟಿಗೆ ಗಿರ್ರನೆ ತಿರುಗಿದವು.

ಅದು ಕೆಲವೇ ಕ್ಷಣ. ಆದರೆ ಆ ಕ್ಷಣಗಳಲ್ಲಿ ಹಿಡಿದ ಕಂಬಿಯನ್ನೂ ನಂಬುವಂತಿರಲಿಲ್ಲ.

"ಕೆಳಗೆ ನೋಡ್ಬೇಡಿ. ನನ್ನ ಬೂಟು ನೋಡಿ. ಪಾಲಿಶ್ ಕಾಣದೆ ಯಾವ ಕಾಲವಾಯ್ತೋ, ಬೈಕೊಳ್ಳೋಕೆ ಬೇಕಾದಷ್ಟಿದೆ."

ಹಾಗೆಂದು ಪಕ್ಕಕ್ಕೆ ಬಂದು ನಿಂತವನು ಇಲ್ಯಾಸ್. ಕಮರಿಯ ಮೇಲಿನ ರೋಪ್‌ವೇ ನಿಲ್ದಾಣದಲ್ಲಿ ಅವನ ಕೆಲಸ. ಸೇರಿದ ಹೊಸತರಲ್ಲಿ ತಾನೂ ಎತ್ತರಕ್ಕೆ ಹೆದರಿ ಕಣ್ಣು ಮುಚ್ಚಿ ಕೂರುತ್ತಿದ್ದೆನೆಂದು ಹೇಳುತ್ತಾ, ಅವಳ ಪಕ್ಕದಲ್ಲೇ ದಂಡೆಯವರೆಗೆ ನಡೆದ.

ಎತ್ತರದ ಭಯವೇ ಎಂದು ಅವನು ಕೇಳಿದಾಗ ವಿದಾದ್ "ಹೂಂ" ಎಂದಳು.

ಅವಳಿಗೆ ಎತ್ತರದ ಭಯವೇ ಇರಲಿಲ್ಲ! ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಮನೆ ತಿರುಗುತ್ತಿತ್ತು. ಆದರೆ ಅಮ್ಮ ಬಾಯಾ ಮೊದಲ ದಿನವೇ ತಾಕೀತು ಮಾಡಿದ್ದಳು: "ತಲೆಸುತ್ತು ಅಂತ ಹೊರಗೆ ಬಾಯಿ ಬಿಟ್ಟೀಯೆ, ಜೋಕೆ. ಮದುವೆ ಆಗದ ಹುಡುಗಿಗೆ ತಲೆ ಸುತ್ತಿದ್ರೆ ಜನ ತಲೆ ನೋಡಲ್ಲ ಕಣೇ, ಹೊಟ್ಟೆ ನೋಡ್ತಾರೆ."

ಆಮೇಲೆ ಎಷ್ಟೋ ಸಂಜೆ ಅವರಿಬ್ಬರೂ ಅದೇ ಸೇತುವೆ ದಾಟಿದರು. ಮಕ್ಕಳಿಗೆ ಪಾಠ ಹೇಳಿ ಬರುವ ವಿದಾದ್‌ಗಾಗಿ ಅವನು ಜೇನು-ಅಕ್ರೋಟಿನ ಮಿಠಾಯಿ ಕಟ್ಟಿಸಿಕೊಂಡು ಕಾಯುತ್ತಿದ್ದ. ಮಾತೆಲ್ಲ ಅವನದು, ನಗು ಅವಳದು. ಕಿತ್ತಳೆ ಹೂವಿನ ಕಾಲ ಬಂದಾಗ, ಮದುವೆ ಮಾತಿಗೆ ಅಮ್ಮನನ್ನು ನಿಮ್ಮ ಮನೆಗೆ ಕಳಿಸಲೇ ಎಂದು ಕೇಳಿದ. ಅವಳು ನೆಲ ನೋಡಿದಳು. ಅವನಿಗೆ ಅಷ್ಟು ಸಾಕಾಯಿತು.

ಅವನ ತಾಯಿ ಜಹೀರಾ ಮಗಳ ಜೊತೆ ಬಂದರು. ಬಾಗಿಲಲ್ಲೇ ವಿದಾದ್‌ಳ ಭುಜ ಹಿಡಿದು, ಅಲ್ಲಿನ ವಾಡಿಕೆಯಂತೆ ಕೆನ್ನೆಗೆ ನಾಲ್ಕು ಮುತ್ತಿಡತೊಡಗಿದರು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ... ಗೋಡೆಗಳು ಹೊರಳಿದವು. ನಾಲ್ಕನೆಯದಕ್ಕೆ ಮೊದಲೇ ವಿದಾದ್ ಆ ತಾಯಿಯ ಭುಜಕ್ಕೆ ಕೈಯೊತ್ತಿ ದೂಡಿ, ಮುಖ ತಿರುಗಿಸಿ, ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋಗಿಬಿಟ್ಟಳು.

ನೆಲದ ಮೇಲೆ ಕುಕ್ಕರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಅವಳು ಹೊರಗಿನ ಮಾತು ಕೇಳಿಸಿಕೊಂಡಳು. ಹುಡುಗಿಗೆ ನಾಚಿಕೆ ಎಂದು ಬಾಯಾ ತೇಪೆ ಹಚ್ಚುತ್ತಿದ್ದಳು.

"ನಾಚಿಕೊಂಡ್ರೆ ತಲೆ ತಗ್ಗಿಸ್ತಾರೆ ತಾಯಿ, ಬಂದವರನ್ನ ದೂಡಲ್ಲ. ನಾನೇ ಆಗದವಳಿಗೆ ನನ್ನ ಮನೆ ಹ್ಯಾಗೆ ಆದೀತು?"

ಅವರು ಚಹಾ ಮುಟ್ಟದೆ ಎದ್ದರು.

ಆ ರಾತ್ರಿ ಇಲ್ಯಾಸ್‌ನಿಂದ ಒಂದೇ ಸಂದೇಶ ಬಂತು. 'ಬೇಡ ಅನ್ನೋದನ್ನ ನನಗೇ ಹೇಳಬಹುದಿತ್ತು.'

ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದಳು. ಬೇಡ ಎಂದಲ್ಲ ಎಂದರೆ, ಮತ್ತೇಕೆ ಎನ್ನುತ್ತಾನೆ... ಆಗ ಏನು ಹೇಳಲಿ?

ವಾರಗಟ್ಟಲೆ ಕೋಣೆಯೇ ಅವಳ ಲೋಕವಾಯಿತು. ಮಲಗಲು ಹೆದರಿಕೆ, ಏಳಲೂ ಹೆದರಿಕೆ. ದಿಂಬು ಪೇರಿಸಿ, ಗೋಡೆಗೊರಗಿ, ಕತ್ತು ಮರಗಟ್ಟುವಂತೆ ಕೂತು ಬೆಳಗು ಮಾಡುತ್ತಿದ್ದಳು. ಬಾಯಾ ನೀರು ಮಂತ್ರಿಸಿ ತಂದಳು, ಧೂಪ ಹಾಕಿದಳು. ಕೊನೆಗೆ ಚಿಕ್ಕಮ್ಮ ನುವಾರಾ ಬಂದು, ಹೊಗೆಯಿಂದ ಇನ್ನಷ್ಟು ತಲೆ ಸುತ್ತುತ್ತದೆಂದು ಅಕ್ಕನಿಗೆ ಬೈದು, ವಿದಾದ್‌ಳನ್ನು ಕಿವಿಯ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು.

ಡಾಕ್ಟರಮ್ಮ ಅವಳ ಮುಖವನ್ನು ಬಲಕ್ಕೆ ತಿರುಗಿಸಿ ಥಟ್ಟನೆ ಹಿಂದಕ್ಕೆ ಮಲಗಿಸಿದರು. ಚಾವಣಿ ಬುಗುರಿಯಾಯಿತು. ವಿದಾದ್ ಅವರ ಕೈ ಗೀರಿದಳು. ಅವರು ಅವಳ ಕಣ್ಣುಗುಡ್ಡೆಗಳ ಅದುರಾಟವನ್ನೇ ನೋಡುತ್ತಿದ್ದು, ಅದು ನಿಂತ ಮೇಲೆ ತಲೆಯನ್ನು ನಿಧಾನ ಎಡಕ್ಕೆ ತಿರುಗಿಸಿ, ಅದೇ ಮಗ್ಗುಲಿಗೆ ಹೊರಳಿಸಿ, ಆಮೇಲೆ ಎಬ್ಬಿಸಿ ಕೂರಿಸಿದರು.

ಒಳಗಿವಿಯಲ್ಲಿ ಕುಸ್‌ಕುಸ್ ರವೆಗಿಂತ ಸಣ್ಣ ಹರಳುಗಳಿವೆಯಂತೆ. ಅವು ಇರುವ ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರಿದ್ದವಂತೆ. ಅಲುಗಿದಾಗೆಲ್ಲ, ಇಲ್ಲದ ಸುತ್ತನ್ನು ಇದೆ ಎಂದು ಅವಳಿಗೆ ನಂಬಿಸುತ್ತಿದ್ದವಂತೆ. ಈಗ ಹೊರಳಿಸಿದ್ದು ಅವನ್ನು ಮನೆಗೆ ಕಳಿಸಲಿಕ್ಕೆ. ಏಳುವಾಗ ಹಾಸಿಗೆಯ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಏಳಬೇಕು, ಬೇಕಾದ ಸಾಮಾನನ್ನು ಎತ್ತರದ ಕಪಾಟಿನಲ್ಲಿ ಇಡಬಾರದು.

"ಮತ್ತೆ ಬರಬಹುದು," ಎಂದರು. "ಬಂದ್ರೆ ಹೀಗೇ ಹೊರಳಿಸೋದು. ಮೊದಮೊದಲು ಪಕ್ಕದಲ್ಲಿ ತಲೆ ಹಿಡಿಯೋಕೆ ಒಬ್ಬರಿದ್ರೆ ಒಳ್ಳೇದು."

ಆ ವಾರ ವಿದಾದ್ ಎಷ್ಟೋ ದಿನಗಳ ಮೇಲೆ ಅಂಗಾತ ಮಲಗಿ ಅತ್ತಳು, ನಿರಾಳದಿಂದ.

ಬಾಯಾ ಅಷ್ಟರಲ್ಲಿ ಜಹೀರಾಳ ಮನೆಗೆ ಹೋಗಿ ಬಂದಿದ್ದಳು. ಆ ದಿನ ಹುಡುಗಿಗೆ ವಿಪರೀತ ಹಲ್ಲುನೋವು, ಕೆನ್ನೆ ತಾಗಿತು, ಅಷ್ಟೇ ಎಂದು ಹೇಳಿ ಒಪ್ಪಿಸಿದ್ದಳು. ಶುಕ್ರವಾರ ಮತ್ತೆ ಬರುತ್ತಾರೆ, ಈ ಸಲ ಇಲ್ಯಾಸ್ ಕೂಡ.

"ಪೀಡೆ ತೊಲಗ್ತಲ್ಲ. ಇನ್ನು ಅದರ ಹೆಸರೆತ್ತಬೇಡ," ಎಂದಳು.

ಎಷ್ಟು ಸುಲಭ! ಹಲ್ಲುನೋವು ಎಂದರೆ ಅವನು ಸಿಗುತ್ತಾನೆ. ನಿಜ ಹೇಳಿದರೆ ಸಿಗದಿರಬಹುದು. ಆದರೆ ಸಿಕ್ಕ ಮೇಲೆ? ಅವನ ಪಕ್ಕದಲ್ಲೇ ಮಲಗಿ, ಯಾವ ಮಗ್ಗುಲಿಗೆ ಹೊರಳಲಿ ಎಂದು ಪ್ರತಿ ರಾತ್ರಿ ಹೆದರುತ್ತಾ, ಬಚ್ಚಿಡುತ್ತಾ... ಆ ಕೋಣೆಗೆ ಬಾಗಿಲೇ ಇರುವುದಿಲ್ಲ.

ಶುಕ್ರವಾರ ಜಹೀರಾ ಕೂತವರೇ, ಹಲ್ಲು ಹೇಗಿದೆ ಎಂದು ವಿಚಾರಿಸಿದರು. ಇಲ್ಯಾಸ್ ಚಹಾ ಲೋಟವನ್ನೇ ನೋಡುತ್ತಿದ್ದ. ಬಾಯಾ ಉತ್ತರಿಸಲು ಬಾಯಿ ತೆರೆದಳು.

"ಹಲ್ಲಲ್ಲ," ಎಂದಳು ವಿದಾದ್. ಸ್ವರ ಅವಳಿಗೇ ಅಪರಿಚಿತವಾಗಿತ್ತು. "ನನಗೆ ತಲೆಸುತ್ತು ಬರುತ್ತೆ. ಕಿವಿಯಿಂದ. ನೀವು ಮುತ್ತಿಡೋವಾಗ ಮನೆಯೆಲ್ಲ ತಿರುಗ್ತು. ಈಗ ಹೋಗಿದೆ. ಮತ್ತೆ ಬರಬಹುದು. ಬಂದ್ರೆ ಡಾಕ್ಟರಮ್ಮ ಮಾಡಿದ ಹಾಗೆ ತಲೆ ಹಿಡಿದು ಹೊರಳಿಸೋಕೆ ಒಬ್ಬರು ಬೇಕು."

ಬಾಯಾ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡಳು.

ಜಹೀರಾ ಚಹಾ ಲೋಟ ಕೈಗೆತ್ತಿಕೊಂಡರು. "ನಮ್ಮ ಮುಖ ಅಷ್ಟು ಕೆಟ್ಟದಾ ಅಂತ ಇಷ್ಟು ದಿನ ಕನ್ನಡಿ ನೋಡಿದ್ದೇ ಬಂತು," ಎಂದರು. ನುವಾರಾ ನಗು ತಡೆಯಲಾರದೆ ಕೆಮ್ಮಿದಳು.

ಇಲ್ಯಾಸ್ ಲೋಟ ಕೆಳಗಿಟ್ಟ. ಅಲ್ಲಿ ಬೇರೆ ಯಾರೂ ಇಲ್ಲವೆಂಬಂತೆ ಮೆಲ್ಲಗೆ ಕೇಳಿದ:

"ಬಂದಾಗ ತಲೆ ಹ್ಯಾಗೆ ಹಿಡೀಬೇಕು ಅಂತ ನನಗೆ ಹೇಳಿಕೊಡ್ತಾರಾ?"

"ಕೊಡ್ತಾರೆ."

"ಹಾಗಾದ್ರೆ... ಆ ದಿನ ನಾನು ಬೇಡ ಅಂತ ಅಲ್ಲ?"

ವಿದಾದ್ ಈ ಸಲ ನೆಲ ನೋಡಲಿಲ್ಲ.

"ನೀವು ಬೇಕು ನನಗೆ," ಎಂದಳು.