ಹಲಗೆಯ ಅಂಚಿನ ರೊಟ್ಟಿ

"ನಾನು ಆ ಮನೇಲಿ ಇಲ್ಲ ಅಂತ ಮುಕದ್ದಮ್‌ಗೆ ಹೇಳಿದ್ದು ನೀನೇನಾ?"

ಸೆನೆಗಲ್‌ನಿಂದ ದುಡಿಯಲು ಬಂದಿದ್ದ ನಫೀಸಾತು ಒಲೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಸಲೇ ಊರಿನ ಆ ಹಳೆಯ ಓಣಿಯ ಅಷ್ಟೂ ಮನೆಗಳ ರೊಟ್ಟಿ ಬೇಯುವುದು ಇಲ್ಲೇ. ಒಳಗೆ ಉದ್ದನೆಯ ಸಲಿಕೆ ಹಿಡಿದು ನಿಂತಿದ್ದವನು ಜಿಲಾಲಿ. ಅವನ ಮುಖ ಅವಳಿಗೆ ಬರೀ ಮಂಜು ಮಂಜು. ಎರಡೂ ಕಣ್ಣಿಗೆ ಪೊರೆ ಬಂದು ಆರು ತಿಂಗಳಾಗಿತ್ತು.

"ಯಾವ ಮನೆ?"

"ಲಲ್ಲಾ ಝೋರ್ ಮನೆ. ನಾನು ಅವರ ಬಾಡಿಗೆಯವಳು."

"ಅಲ್ಲಿ ಸೆನೆಗಲ್‌ನವರು ಯಾರೂ ಇಲ್ವಲ್ಲ. ಅವರು, ಅವರ ಮಗಳು, ಇಬ್ಬರೇ."

ನಫೀಗೆ ಮೈಯೆಲ್ಲ ಉರಿಯಿತು. ಇವನ ಒಂದು ಮಾತಿಗೆ ನನ್ನ ಕಣ್ಣು ಹೋಗಬೇಕೆ...?

ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಓಣಿಯಲ್ಲಿ ಯಾರು ಎಲ್ಲಿದ್ದಾರೆಂದು ಬರೆದುಕೊಳ್ಳುವ ಮುಕದ್ದಮ್ ಒಪ್ಪಿದರೆ ವಾಸದ ಪತ್ರ. ಅದಿದ್ದರೆ ನಿವಾಸದ ಕಾರ್ಡ್. ಕಾರ್ಡ್ ಇದ್ದರೆ ಹೊಲಿಗೆ ಕಾರ್ಖಾನೆಯವರು ಆರೋಗ್ಯ ವಿಮೆಗೆ ಹೆಸರು ಸೇರಿಸುತ್ತಾರೆ. ಆಮೇಲೇ ಕಣ್ಣಿನ ಆಪರೇಷನ್. ಮುಕದ್ದಮ್ ಬಂದ ದಿನ ಅವಳು ಕೆಲಸದಲ್ಲಿದ್ದಳು, ಲಲ್ಲಾ ಝೋರ್ ದೂರದ ಊಜ್ದಾದಲ್ಲಿ ತಂಗಿಯ ಮನೆಯ ಮದುವೆಗೆ ಹೋಗಿದ್ದಳು. ಬಾಗಿಲು ತೆರೆಯದ್ದಕ್ಕೆ ಅವನು ಎಂದಿನಂತೆ ಒಲೆಮನೆಯಲ್ಲಿ ಕೇಳಿದ್ದ. ಯಾರ ಮನೆಯಲ್ಲಿ ಎಷ್ಟು ಬಾಯಿ ಎಂಬುದು ರೊಟ್ಟಿ ಸುಡುವವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಲಲ್ಲಾ ಝೋರ್‌ಗೆ ಮಕ್ಕಳೇ ಇಲ್ಲ," ಎಂದಳು ನಫೀ.

ಜಿಲಾಲಿಯ ಸಲಿಕೆ ನಿಂತಿತು. ಅವನು ಈ ಒಲೆ ವಹಿಸಿಕೊಂಡು ಎರಡೇ ವರ್ಷವಾಗಿತ್ತು.

"ಹಾಗಾದ್ರೆ... ಅವರು ಹೊತ್ತು ತರೋ ಹಲಗೆಯ ಅಂಚಲ್ಲಿ ದಿನಾ ಒಂದು ಪುಟ್ಟ ರೊಟ್ಟಿ ಇರುತ್ತಲ್ಲ, ಗುರುತಿಗೆ ಮೂರು ಬೆರಳು ಒತ್ತಿದ್ದು?"

"ನಂದು. ಬೆಳಗಾಗೋ ಮೊದಲೇ ನಾದಿಟ್ಟು ಕೆಲಸಕ್ಕೆ ಹೋಗ್ತೀನಿ."

"ಯಾರದ್ದು ಅಂತ ಕೇಳಿದ್ದೆ. 'ನನ್ನ ಮಗಳದ್ದು' ಅಂದಿದ್ರು."

ನಫೀಯ ಸಿಟ್ಟೆಲ್ಲ ಕರಗಿತು. ಪರದೇಶದಲ್ಲಿ ತನ್ನನ್ನು ಮಗಳೆಂದವರೊಬ್ಬರು ಇದ್ದಾರೆ... ಆ ಪ್ರೀತಿಯ ಮಾತೇ ತನ್ನ ದಾರಿಗೆ ಅಡ್ಡ ಬಂದಿತ್ತು! ಅವಳು ಅಲ್ಲೇ ನಿಂತು ಅತ್ತುಬಿಟ್ಟಳು.

ಜಿಲಾಲಿ ಒಲೆಯ ಬಾಯಿಗೆ ತಗಡು ಮುಚ್ಚಿದ. ಹಲಗೆ ಹೊತ್ತು ಸಾಲಿನಲ್ಲಿ ನಿಂತಿದ್ದ ಹೆಂಗಸರು ಹಿಟ್ಟು ಹುಳಿಯಾಗುತ್ತದೆಂದು ಬೈದರು. ಬೈಸಿಕೊಂಡೇ ಅವಳನ್ನು ಮುಕದ್ದಮ್‌ನ ಕಚೇರಿಗೆ ಕರೆದುಕೊಂಡು ನಡೆದ.

ತನ್ನದೇ ತಪ್ಪು ಎಂದು ಅವನು ಎಲ್ಲರೆದುರು ಒಪ್ಪಿಕೊಂಡಾಗ ಮುಕದ್ದಮ್ ಸಿ ಬುಶ್ತಾ ಕನ್ನಡಕದ ಮೇಲಿನಿಂದ ನೋಡಿದ.

"ಮೊನ್ನೆ ಇಲ್ಲ ಅಂದೆ, ಇವತ್ತು ಇದ್ದಾಳೆ ಅಂತೀಯ. ನಿನ್ನ ನಂಬೋದು ಹೇಗಪ್ಪಾ?"

"ಒಂದೂವರೆ ವರ್ಷದಿಂದ ಅವಳ ರೊಟ್ಟಿ ಸುಡ್ತಿದೀನಿ, ಸಿ ಬುಶ್ತಾ. ರಂಜಾನಲ್ಲೂ ತಪ್ಪಿಲ್ಲ. ಕಣ್ಣು ಮಂಜಾದ್ರೂ ಆ ಮೂರು ಬೆರಳು ಒಂದಿನ ಆಚೀಚೆ ಆಗಿಲ್ಲ. ಅಂಥವಳು ಈ ಓಣಿಯವಳಲ್ಲ ಅಂದ್ರೆ ನಾನೂ ಅಲ್ಲ."

ಮುಕದ್ದಮ್ ಮೀಸೆಯಲ್ಲೇ ನಕ್ಕು ಪೆನ್ನು ತೆಗೆದ. ನಫೀ ತಲೆ ಎತ್ತಲಿಲ್ಲ. ಇವತ್ತಿನವರೆಗೆ ನನ್ನ ಮುಖವನ್ನೇ ನೋಡದವನು ಬೆರಳಿನ ಗುರುತನ್ನು ನೆನಪಿಟ್ಟುಕೊಂಡಿದ್ದಾನಲ್ಲ...

ಪತ್ರ ಬಂತು. ಎರಡು ತಿಂಗಳಿಗೆ ಕಾರ್ಡ್, ಅದರ ಬೆನ್ನಿಗೇ ವಿಮೆ. ಅಲೆದಾಟವೊಂದಕ್ಕೂ ನಫೀ ಬೇಸರಿಸಲಿಲ್ಲ. ಎರಡು ಕಣ್ಣಿಗೂ ಆಪರೇಷನ್ ಆಗುವವರೆಗೆ ಲಲ್ಲಾ ಝೋರ್ ಅವಳ ಜೊತೆಗಿದ್ದಳು. ಜಿಲಾಲಿ ದಿನಾ ಬಿಸಿ ರೊಟ್ಟಿ ಕಳಿಸುತ್ತಿದ್ದ, ತಾನು ಮಾತ್ರ ಬರಲಿಲ್ಲ.

ಕಟ್ಟು ಬಿಚ್ಚಿದ ವಾರಕ್ಕೆ ನಫೀ ತಾನೇ ಹಲಗೆ ಹೊತ್ತು ಒಲೆಮನೆಗೆ ಹೋದಳು. ಅವನನ್ನು ತುಂಬ ಹೊತ್ತು ನೋಡಿದಳು.

"ನಿನ್ನ ಹುಬ್ಬು ಸುಟ್ಟಿದೆ."

"ನಿನ್ನ ರೊಟ್ಟಿ ಸೀದಿದ್ಯಾ ಅಂತ ದಿನಾ ಬಗ್ಗಿ ನೋಡ್ತೀನಲ್ಲ, ಅದಕ್ಕೆ."

ಅವಳಿಗೆ ನಗು ಬಂತು. ಅವನು ಸಲಿಕೆ ಒರಗಿಸಿಟ್ಟ.

"ನಫೀ... ಮುಂದಿನ ಸಲ ಕಾರ್ಡ್ ಮಾಡಿಸುವಾಗ ವಿಳಾಸ ಬದಲಾಯಿಸ್ತೀಯಾ? ಈ ಒಲೆ ಮೇಲೇ ನನ್ನ ಮನೆ. ಚಳಿಗಾಲದಲ್ಲಿ ಬೆಚ್ಚಗಿರುತ್ತೆ."

"ಮುಕದ್ದಮ್ ಬಂದು ಕೇಳಿದ್ರೆ? ನೀನು ಮತ್ತೆ ಇಲ್ಲ ಅಂದ್ಬಿಟ್ರೆ?"

"ಆವಾಗ ನಿನ್ನ ಹೆಸರು ಗೊತ್ತಿರಲಿಲ್ಲ."

ನಫೀ ಹಲಗೆಯನ್ನು ಅವನ ಕೈಗೆ ಕೊಟ್ಟಳು. ಅದರ ಮೇಲೆ ಎರಡು ರೊಟ್ಟಿಗಳಿದ್ದವು, ಎರಡರ ಮೇಲೂ ಮೂರು ಬೆರಳು.